ಮೂರು ಬಾಟಲಿ ರಕ್ತ

ಆ ವರ್ಷ ಪಂಚಮಿಗೆ ತವರಿಗೆ ಬಂದ ನನ್ನ ಅಕ್ಕ ಜೋಕಾಲಿ ಹತ್ತಲಿಲ್ಲ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಬೇವಿನ ಮರಕ್ಕೆ ಹಗ್ಗ ಬಿತ್ತೆಂದರೆ ಎಲ್ಲರಿಗಿಂತ ಮೊದಲು ಹತ್ತುವವಳು ಅವಳೇ. ಮದುವೆಯಾದ ಮೇಲೂ ಸೀರೆ ಕಚ್ಚೆ ಕಟ್ಟಿ ನಿಂತೇ ಜೀಕುತ್ತಿದ್ದಳು. ಆ ಸಲ ಮಾತ್ರ ಗೋಡೆಗೆ ಒರಗಿ ಕುಳಿತು, "ನೀವು ಆಡ್ರಿ, ನಾ ನೋಡತೇನಿ" ಅಂದಳು. ಮರುದಿನ ಅವ್ವ ಎಣ್ಣೆ ಹಚ್ಚಿ ನೀರು ಹಾಕುವಾಗ ಬಲಗಡೆ ಪಕ್ಕೆಲುಬಿನ ಕೆಳಗೆ ಕೈಗೆ ಗಟ್ಟಿಯಾಗಿ ಏನೋ ಸಿಕ್ಕಿತು. ತೆಂಗಿನಕಾಯಿಯ ಅರ್ಧ ಹೋಳಿನಷ್ಟು. ಅವ್ವ ತಂಬಿಗೆ ಕೆಳಗಿಟ್ಟು ನನ್ನನ್ನು ಕೂಗಿದಳು.

"ಯಾವಾಗಿಂದ ಐತಿ ಇದು?" ಎಂದು ಅಕ್ಕನನ್ನು ಕೇಳಿದೆ.

"ವರ್ಷಾತು. ನಮ್ಮ ಅತ್ತೀಗೆ ಹೇಳಿದ್ನಿ. ವಾಯು ಇದ್ದೀತು, ಓಂಕಾಳ ತಿನ್ನು ಅಂದ್ರು."

ಒಂದು ವರ್ಷ. ಐದು ಗಂಡಸರಿಗೆ ದಿನಕ್ಕೆ ಎರಡು ಹೊತ್ತು ಹಾಲು ಕಾಯಿಸಿ, ಬಾದಾಮಿ ಅರೆದು, ಜೋಳದ ರೊಟ್ಟಿ ಬಡಿದು ಹಾಕುವ ಸೊಸೆಗೆ ಒಂದು ವರ್ಷ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಅದಕ್ಕೆ ಆ ಮನೆಯಲ್ಲಿ ಸಿಕ್ಕ ಔಷಧ ಓಂಕಾಳು. ನನ್ನ ಸಿಟ್ಟು ಅಲ್ಲಿಂದ ಸುರುವಾಯಿತು. ಈಗ ನನಗೆ ಎಪ್ಪತ್ತು ದಾಟಿದೆ. ಅದು ತಣ್ಣಗಾಗಿದೆ ಎಂದು ಯಾರಾದರೂ ತಿಳಿದಿದ್ದರೆ ಅದು ಅವರ ತಪ್ಪು.

ಅಕ್ಕನನ್ನು ಕೊಟ್ಟದ್ದು ರಾಮದುರ್ಗಕ್ಕೆ. ಗಂಡನ ಮನೆಯವರು ಹೊಲ ಇದ್ದವರು. ಅದಕ್ಕಿಂತ ಹೆಚ್ಚಾಗಿ ಪೈಲ್ವಾನರು. ನಮ್ಮ ಮಾಮಾ, ಎಂದರೆ ಅಕ್ಕನ ಗಂಡ, ಅವರೊಳಗೆ ಹಿರಿಯ. ಬೆನ್ನಿಗೆ ನಾಲ್ಕು ಜನ ತಮ್ಮಂದಿರು. ಮನೆಯ ಹಿಂದೆಯೇ ಗರಡಿ. ಐವರೂ ಬೆಳಿಗ್ಗೆ ಮೈಗೆ ಕೆಂಪು ಮಣ್ಣು ಹಚ್ಚಿಕೊಂಡು ತಾಲೀಮು ಮಾಡುವಾಗ ಓಣಿಯ ಮಂದಿ ನಿಂತು ನೋಡುತ್ತಿದ್ದರು. ಮದುವೆಯಲ್ಲಿ ನಮ್ಮ ಅಪ್ಪ ಹೆಮ್ಮೆಯಿಂದ, "ನನ್ನ ಮಗಳಿಗೆ ಹುಲಿಯಂಥಾ ಮಂದಿ ಸಿಕ್ಕಾರ" ಎಂದು ಊರಿಗೆಲ್ಲ ಹೇಳಿಕೊಂಡಿದ್ದ.

ನಾನು ಆಗ ಬೈಲಹೊಂಗಲದ ಒಂದು ಕನ್ನಡ ಸಾಲೆಯಲ್ಲಿ ಮಕ್ಕಳಿಗೆ ಕಲಿಸಲು ಹೊಸದಾಗಿ ಸೇರಿದ ಅಕ್ಕೋರು. ಅಪ್ಪ ಹಿಂದೆ ಕ್ಷಯವಾಗಿ ಬದುಕಿ ಉಳಿದವನು, ನಾಲ್ಕು ಹೆಜ್ಜೆ ನಡೆದರೆ ಏದುತ್ತಿದ್ದ. ಗಂಡುಮಕ್ಕಳು ನಮ್ಮ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಅಕ್ಕನನ್ನು ಬಸ್ಸಿನಲ್ಲಿ ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಮಾಮಾನಿಗೆ ಕಾಗದ ಬರೆದೆ. "ತೋರಿಸಿಕೊಂಡು ಬರ್ರಿ, ಆಮ್ಯಾಲ ನೋಡೂಣು" ಎಂದು ಯಾರದೋ ಕೈಯಲ್ಲಿ ಹೇಳಿಕಳಿಸಿದ.

ಅಲ್ಲಿಯ ಸರ್ಜನ್ನರು ವಿಲಾಯತಿಯಲ್ಲಿ ಕಲಿತು ಕೆಲವು ವರ್ಷ ಅಲ್ಲೇ ಕೆಲಸ ಮಾಡಿ ಬಂದವರು. ಎತ್ತರದ ಮನುಷ್ಯ, ಮಾತು ಮಾತ್ರ ನಮ್ಮ ಕಡೆಯದೇ. ಅಕ್ಕನ ಹೊಟ್ಟೆ ಮುಟ್ಟಿ ನೋಡಿ, ಎಕ್ಸರೇ ತೆಗೆಸಿ, ಮೂರನೆಯ ದಿನ ನನ್ನನ್ನು ಕೂಡಿಸಿಕೊಂಡು ಹೇಳಿದರು.

"ಇದು ಲಿವರಿನ್ಯಾಗ ಆದ ನೀರಿನ ಗಡ್ಡಿ. ಕುರಿ, ನಾಯಿ ಇರೋ ಕಡೆ ಬರ್ತದ. ನಾಯಿ ಹೊಟ್ಟ್ಯಾಗಿನ ಹುಳದ ತತ್ತಿ ಮನುಷ್ಯಾರ ಹೊಟ್ಟಿಗೆ ಸೇರಿ ಹಿಂಗ ಬೆಳೀತದ. ಒಡದ್ರ ಜೀವಕ್ಕ ಅಪಾಯ. ಮತ್ತ ಇದು ಒಂದ ಇಲ್ಲ. ಒಳಗ ಬಾಳ ಮರಿ ಹಾಕ್ಯದ. ಲಿವರಿಂದು ಒಂದು ತುಂಡ ಸಹಿತ ತಗೀಬೇಕಾಗ್ತದ."

"ತಗೀರಿ ಡಾಕ್ಟರ."

"ತಗೀತೀನಿ. ಆದ್ರ ರಕ್ತ ಬೇಕು. ಲಿವರ್ ಅಂದ್ರ ರಕ್ತದ ಕೆರಿ ಇದ್ದಂಗ. ಕೈ ಹಚ್ಚಿದ್ರ ಹರೀತದ. ನಾ ಅಲ್ಲಿ ವಿಲಾಯತ್ಯಾಗ ಇದ್ದಾಗ ಇಂಥಾ ಆಪರೇಷನ್ ಅಂದ್ರ ಎಂಟೋ ಹತ್ತೋ ಬಾಟಲಿ ತಯಾರ ಇಟ್ಟ ಚಾಕು ಹಿಡೀತಿದ್ದಿವಿ. ಕಡಿಮಿ ಬಿದ್ರ ಮತ್ತ ನಾಕು ಬರ್ತಿದ್ದವು. ಯಾರು ಕೊಟ್ಟಿದ್ದು, ಎಲ್ಲಿಂದ ಬಂತು, ಯಾರೂ ಕೇಳ್ತಿರಲಿಲ್ಲ. ಇಲ್ಲಿ ನನಗ ಹತ್ತು ಕೇಳಾಕ ಧೈರ್ಯ ಇಲ್ಲ. ಮೂರು ಕೊಡ್ರಿ. ಮೂರರಾಗ ಮಾಡ್ತೀನಿ."

ಅದೇ ರೋಗ, ಅದೇ ಲಿವರ್, ಅದೇ ಡಾಕ್ಟರು. ಅಲ್ಲಿ ಹತ್ತು, ಇಲ್ಲಿ ಮೂರು. ನನಗೆ ಆಗ ಅದು ಅರ್ಥವಾಗಲಿಲ್ಲ. ಇಲ್ಲಿಯವರ ಮೈಯಲ್ಲಿ ರಕ್ತ ನಿಧಾನ ಹರಿಯುತ್ತದೆಯೇ ಎಂದು ಕೇಳಿಯೇ ಬಿಟ್ಟೆ. ಅವರು ನಗಲಿಲ್ಲ. "ಹರಿಯೋದು ಅಷ್ಟ. ಸಿಗೋದು ಕಡಿಮಿ" ಅಂದರು.

ಆ ಕಾಲದಲ್ಲಿ ರಕ್ತ ಬೇಕಾದವರ ಮಂದಿಯೇ ರಕ್ತ ಕೊಡಬೇಕು. ಅಕ್ಕನದು ಬಿ ಗುಂಪು. ನನ್ನ ಬೆರಳು ಚುಚ್ಚಿ ನೋಡಿದರು, ಎ. ಬರುವುದಿಲ್ಲ ಅಂದರು. ಬೇಕಾದರೆ ಮೈಯೆಲ್ಲ ಹಿಂಡಿ ತೆಗೆಯಿರಿ ಎಂದು ಅಲ್ಲಿಯೇ ಕಾದೆನಾದರೂ ಎ ಹೋಗಿ ಬಿ ಆಗಲಿಲ್ಲ. ಅವ್ವನ ಗುಂಪು ಕೂಡಿತು, ಆದರೆ ಅವಳ ರಕ್ತ ನೀರಿನಂತೆ ತೆಳ್ಳಗಿದೆ, ಇವಳಿಗೇ ಬೇರೆಯವರು ಕೊಡಬೇಕು ಅಂದರು. ಅಪ್ಪನನ್ನು ಕ್ಷಯದ ಹೆಸರು ಕೇಳಿದ ಕೂಡಲೇ ಬೇಡವೆಂದರು. ಅಪ್ಪ ಹೊರಗೆ ಬಂದು, "ಚಿಂತಿ ಯಾಕ ಮಾಡತೀರಿ? ಅಲ್ಲಿ ಐದು ಮಂದಿ ಪೈಲ್ವಾನರು ಅದಾರ. ಮೂರೇನು, ಹದಿಮೂರು ಬಾಟಲಿ ಕೊಡತಾರ" ಅಂದ.

ನಾನು ಬೈಲಹೊಂಗಲದಿಂದ ಸವದತ್ತಿಗೆ, ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋದೆ. ಮಗ್ಗಗಳ ಸದ್ದು ಕೇಳುವ ಓಣಿ ದಾಟಿ ಅವರ ಮನೆ ಮುಟ್ಟಿದಾಗ ಐವರೂ ತಾಲೀಮು ಮುಗಿಸಿ, ಮೈ ತೊಳೆದು, ಪಡಸಾಲೆಯಲ್ಲಿ ಸಾಲಾಗಿ ಕುಳಿತಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ಚರಿಗೆ ಹಾಲು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಐವರೂ ಒಳಬಾಗಿಲ ಕಡೆ ನೋಡಿದರು. ಒಳಗಿನಿಂದ ಅಕ್ಕನ ಅತ್ತೆ ಬಂದಳು.

"ರಕ್ತ ಅಂದ್ರೇನು ಬಾವ್ಯಾಗಿನ ನೀರೇನು, ಸೇದಿ ಕೊಡಾಕ? ಗಂಡಸರ ರಕ್ತ ತಗದ್ರ ಮತ್ತ ಕೂಡತೈತೇನು? ಇವರನ್ನೆಲ್ಲಾ ಹಿಂಗ ಮಾಡಾಕ ನಾ ಎಷ್ಟು ವರ್ಷ ಹಾಲು ತುಪ್ಪ ಹಾಕೇನಿ, ನಿನಗೇನ ಗೊತ್ತು?"

"ಅತ್ತೀ, ಡಾಕ್ಟರ ಹೇಳ್ಯಾರ, ಕೆಲವು ದಿನದಾಗ ಮತ್ತ ಕೂಡತೈತಂತ. ಒಂದ ಬಾಟಲಿ. ನಿಮ್ಮ ಸೊಸಿ ಜೀವದ ಪ್ರಶ್ನಿ."

"ಸೊಸಿ ಅದಾಳ ಅಂತ ಮಕ್ಕಳನ್ನ ಕೊಲ್ಲಲೇನು? ಮುಂದ ದಸರೆ ಕುಸ್ತಿ ಬಂದಾವು."

ನಾನು ಮಾಮಾನ ಕಡೆ ತಿರುಗಿದೆ. ಆತನ ಕುತ್ತಿಗೆ ನನ್ನ ತೊಡೆಗಿಂತ ದಪ್ಪವಿತ್ತು. ನೆಲ ನೋಡುತ್ತ, "ಆ ಡಾಕ್ಟರ ಬಾಳ ದೊಡ್ಡಾಂವಂತಲ್ಲ. ದೊಡ್ಡಾಂವ ಇದ್ರ ರಕ್ತ ಇಲ್ಲದ ಮಾಡ್ಲಿ. ನಾವು ಆ ದಿನ ಬರತೇವಿ, ಐದೂ ಮಂದಿ ಬರತೇವಿ. ಏನ ಕೆಲಸ ಇದ್ರೂ ಮಾಡತೇವಿ" ಅಂದ. ಚರಿಗೆ ಎತ್ತಿ ಹಾಲು ಕುಡಿದ. ಮೀಸೆಗೆ ಹತ್ತಿದ ಕೆನೆಯನ್ನು ಬೆರಳಿನಿಂದ ಒರೆಸಿ ಅದನ್ನೂ ನೆಕ್ಕಿದ. ಆ ಹಾಲನ್ನು ಪಂಚಮಿಗೆ ಬರುವವರೆಗೆ ಕಾಯಿಸಿ ಕೊಡುತ್ತಿದ್ದವಳು ನನ್ನ ಅಕ್ಕ.

ವಾಪಸು ಬರುವಾಗ ಸವದತ್ತಿಯಲ್ಲಿ ಇಳಿದು ನಮ್ಮ ಸೋದರಮಾವನ ಮನೆಗೆ ಹೋದೆ. ಅಕ್ಕನನ್ನು ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ಆಡಿಸಿದ ಮನುಷ್ಯ. ಕಥೆ ಕೇಳಿ ಕಣ್ಣಲ್ಲಿ ನೀರು ತಂದುಕೊಂಡ. ನನಗೆ ಜೀವ ಬಂದಂತಾಯಿತು. ಕಣ್ಣು ಒರೆಸಿಕೊಂಡು ಆತ ಅಂದದ್ದು ಇದು: "ರಕ್ತ ಒಂದ ಬಿಟ್ಟು ಏನ ಬೇಕಾದ್ರೂ ಕೇಳವಾ. ಜ್ವಾಳ ಬೇಕೇನು? ಚಕ್ಕಡಿ ಬೇಕೇನು?" ನನಗೆ ಜೋಳ ಬೇಕಿರಲಿಲ್ಲ. ಆತನ ಹೆಂಡತಿ ಕೊಟ್ಟ ನೀರನ್ನೂ ಕುಡಿಯದೆ ಎದ್ದು ಬಂದೆ.

ಬೈಲಹೊಂಗಲದ ಬಸ್ಸು ಹತ್ತಿ ಕುಳಿತಾಗ ಅಳು ತಡೆಯಲಾಗಲಿಲ್ಲ. ಚೀಟಿ ಹರಿಯಲು ಬಂದ ಕಂಡಕ್ಟರ್, "ಯಾಕ್ರಿ ಅಕ್ಕೋರ, ಯಾರರೆ ತೀರಿಕೊಂಡಾರೇನ್ರಿ?" ಎಂದು ಕೇಳಿದ. "ಇನ್ನೂ ಇಲ್ಲ" ಎಂದೆ. ಸಿಟ್ಟಿನಲ್ಲಿ ಬಸ್ಸಿನವರಿಗೆಲ್ಲ ಕೇಳುವಂತೆ ಎಲ್ಲವನ್ನೂ ಹೇಳಿಬಿಟ್ಟೆ. ಐದು ಚರಿಗೆ ಹಾಲು, ಜೋಳ, ಚಕ್ಕಡಿ ಎಲ್ಲ. ಮಂದಿ ಚಕ್ ಚಕ್ ಎಂದು ಬಾಯಲ್ಲಿ ಸದ್ದು ಮಾಡಿದರು. ಇಳಿಯುವಾಗ ಕಂಡಕ್ಟರ್ ನನ್ನ ಹಿಂದೆಯೇ ಇಳಿದು, "ನಾಳಿ ನನಗ ರಜಾ ಐತ್ರಿ. ನನ್ನ ಗುಂಪು ಯಾವುದಂತ ಗೊತ್ತಿಲ್ಲ. ನೋಡಸೂಣೇನು?" ಅಂದ. ಕಡ್ಡಿಯಂಥ ಮನುಷ್ಯ, ಅವನ ಖಾಕಿ ಅಂಗಿ ಮೈಮೇಲೆ ಜೋತುಬಿದ್ದಿತ್ತು. ಮರುದಿನ ನಮಗಿಂತ ಮೊದಲೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. ಗುಂಪು ಬಿ.

ಎರಡನೆಯ ಬಾಟಲಿ ನಮ್ಮ ಸಾಲೆಯಿಂದಲೇ ಬಂತು. ನನ್ನ ಜೊತೆ ಕಲಿಸುತ್ತಿದ್ದ ಒಬ್ಬ ಅಕ್ಕೋರು ಇದ್ದಳು. ಅವಳ ತಂದೆ ಬೌದ್ಧ ಧರ್ಮ ಸೇರಿದವರು. ನನಗಿಂತ ಒಳ್ಳೆಯ ಇಂಗ್ಲಿಷು ಅವಳಿಗೆ ಬರುತ್ತಿತ್ತು. ನಮ್ಮ ಮನೆಗೆ ಎಷ್ಟೋ ಸಲ ಬಂದಿದ್ದಳು. ಬಂದಾಗ ಅವಳಿಗೆ ಚಹಾ ಕೊಡುತ್ತಿದ್ದ ಕಪ್ಪು ಬೇರೆ ಇತ್ತು. ಹೊರಗಿನ ಗೋಡೆಯ ಮಾಡದಲ್ಲಿ ಇರುತ್ತಿತ್ತು. ನಾನು ಅದನ್ನು ನೋಡಿಯೂ ಸುಮ್ಮನಿದ್ದೆ. ಈ ಬರಹದಲ್ಲಿ ಎಲ್ಲರನ್ನೂ ಬೈಯುತ್ತಿದ್ದೇನಲ್ಲ, ಅದರಲ್ಲಿ ನನ್ನ ಪಾಲೂ ಇರಲಿ. ಅವಳನ್ನು ಕೇಳುವ ಮುಖ ನನಗೆ ಇರಲಿಲ್ಲ, ಕೇಳಲೂ ಇಲ್ಲ. ಸುದ್ದಿ ಕೇಳಿ ತಾನಾಗಿಯೇ ಬಂದಳು.

"ನನ್ನದು ಬಿ ಐತ್ರಿ ಅಕ್ಕೋರ. ಹೋದ ವರ್ಷ ತಪಾಸಣಿ ಮಾಡಿಸಿದಾಗ ಹೇಳ್ಯಾರ. ನನಗ ಯಾಕ ಕೇಳಲಿಲ್ಲ?"

ಉತ್ತರ ಅವಳಿಗೂ ಗೊತ್ತಿತ್ತು.

ಮೂರನೆಯದು ಸಿಗಲಿಲ್ಲ. ಡಾಕ್ಟರು ಇನ್ನು ಕಾಯಲು ಆಗುವುದಿಲ್ಲ, ಗಡ್ಡೆಯ ಸಿಪ್ಪೆ ತೆಳುವಾಗುತ್ತಿದೆ ಅಂದರು. "ಎರಡರಾಗ ಮಾಡ್ತೀನಿ. ಲಿವರಿಗೆ ರಕ್ತ ಹೋಗೋ ನಳಿಕಿ ಅದ. ಅದನ್ನ ಬೆರಳಿಂದ ಹಿಚುಕಿ ಹಿಡದು ಕೆಲಸ ಮಾಡ್ಬೇಕು. ಸ್ವಲ್ಪ ಹೊತ್ತು ಹಿಡಿಯೋದು, ಬಿಡೋದು, ಮತ್ತ ಹಿಡಿಯೋದು. ಇನ್ನೊಂದು ಬಡ ದೇಶದಾಗ ಯುದ್ಧ ನಡದಾಗ ಅಲ್ಲಿ ಡಾಕ್ಟರು ಹಿಂಗ ಮಾಡ್ಯಾರಂತ ಓದೀನಿ. ಅವರಿಗೂ ನಮ್ಮಂಗ ಬಾಟಲಿ ಇದ್ದಿದ್ದಿಲ್ಲ" ಅಂದರು.

ಆಪರೇಷನ್ನಿನ ದಿನ ಬೆಳಿಗ್ಗೆ ಐವರೂ ಬಂದರು. ಹೇಳಿದಂತೆ ಬಂದರು. ಬಿಳಿ ಅಂಗಿ, ಬಿಳಿ ಧೋತರ, ತಲೆಗೆ ರುಮಾಲು. ಆಸ್ಪತ್ರೆಯ ಅಂಗಳದಲ್ಲಿದ್ದ ಹುಣಸೆ ಮರದ ನೆರಳಿನಲ್ಲಿ ಕಂಬಳಿ ಹಾಸಿ ಕುಳಿತರು. ಆಸ್ಪತ್ರೆಗೆ ಬಂದವರೆಲ್ಲ ಅವರನ್ನು ತಿರುತಿರುಗಿ ನೋಡಿದರು. ಯಾರೋ ಒಬ್ಬ ಮುದುಕ ಕೈ ಮುಗಿದು, "ಯಾವೂರ ಪೈಲ್ವಾನರು?" ಎಂದು ಕೇಳಿದ. ಅವರು ಸಂತೋಷದಿಂದ ಹೇಳಿದರು.

ಅಕ್ಕನನ್ನು ಎಂಟಕ್ಕೆ ಒಳಗೆ ಒಯ್ದರು. ಅವ್ವ ಬಾಗಿಲ ಬಳಿ ನೆಲದ ಮೇಲೆ ಕುಳಿತು ಬಾಯೊಳಗೇ ಶಿವನ ಹೆಸರು ಹೇಳುತ್ತಿದ್ದಳು. ರಕ್ತ ಕೊಟ್ಟ ನನ್ನ ಗೆಳತಿ ಸಾಲೆಗೆ ರಜೆ ಹಾಕಿ ಬಂದು ನನ್ನ ಪಕ್ಕ ಕುಳಿತಿದ್ದಳು. ಹನ್ನೊಂದರ ಹೊತ್ತಿಗೆ ನರ್ಸು ಹೊರಗೆ ಬಂದಳು. ಅವಳ ಮುಖ ನೋಡಿಯೇ ನಾನು ಎದ್ದು ನಿಂತೆ.

"ಎರಡನೇ ಬಾಟಲಿ ಹಚ್ಚೇವಿ. ಇನ್ನೊಂದು ಕೊಡೋರು ಯಾರಾದ್ರೂ ಇದ್ರ ಲಗೂನ ಕರೀರಿ. ಗುಂಪು ನೋಡಿ ತಗೋತಾರ."

ಓಡಿದೆ. ಮರದ ಕೆಳಗೆ ಅವರು ಚುರುಮುರಿ ತಿನ್ನುತ್ತಿದ್ದರು. ನಾನು ಏನು ಮಾಡಿದೆನೆಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮಾಮಾನ ಕಾಲಿಗೆ ಬಿದ್ದೆ. ಅವನ ಎರಡೂ ಪಾದ ಹಿಡಿದುಕೊಂಡೆ. ಅಂಗಳದಲ್ಲಿದ್ದ ಮಂದಿಯೆಲ್ಲ ನೋಡಿದರು.

"ಮಾಮಾ, ಒಂದ ಬಾಟಲಿ. ನೀವರೆ ಕೊಡ್ರಿ, ನಿಮ್ಮ ತಮ್ಮಂದಿರರೆ ಕೊಡ್ಲಿ. ಒಳಗ ಆಕಿ ಹೊಟ್ಟಿ ತಗದಿಟ್ಟಾರ."

ಆತ ಕಾಲು ಹಿಂದಕ್ಕೆ ಎಳೆದುಕೊಂಡ. "ಕಾಲಿಗೆ ಯಾಕ ಬೀಳತೀ ತಂಗೀ? ದೇವರ ಮ್ಯಾಲ ಭಾರ ಹಾಕು" ಅಂದ. ಕೊನೆಯ ತಮ್ಮ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನವನು, ಅರ್ಧ ಎದ್ದಿದ್ದ. ಅಣ್ಣ ಅವನ ಕಡೆ ಒಮ್ಮೆ ನೋಡಿದ. ಅವನು ಕುಳಿತುಬಿಟ್ಟ.

ನಾನು ಎದ್ದೆ. ಕೈಗೆ ಅವನ ಪಾದದ ಧೂಳು ಹತ್ತಿತ್ತು. ನಳದ ಕೆಳಗೆ ಕೈ ತೊಳೆದುಕೊಂಡು ಒಳಗೆ ಬಂದು ನರ್ಸಿಗೆ, "ಯಾರೂ ಇಲ್ಲ" ಎಂದು ಹೇಳಿದೆ. ಐದು ಜನ ಹೊರಗೆ ಕುಳಿತಿರುವಾಗ ಯಾರೂ ಇಲ್ಲ ಎಂದು ಹೇಳಿದೆ. ನಾನು ಸುಳ್ಳು ಹೇಳಲಿಲ್ಲ.

ಗೆಳತಿ, "ನನ್ನದ ಇನ್ನೊಮ್ಮಿ ತಗೋರಿ" ಎಂದು ನರ್ಸಿನ ಹಿಂದೆ ಹೋದಳು. ಬರೀ ನಾಲ್ಕು ದಿನದ ಹಿಂದೆ ಕೊಟ್ಟವಳು. ನರ್ಸು ಬೈದು ಕಳಿಸಿದಳು.

ಡಾಕ್ಟರು ಹೊರಗೆ ಬಂದದ್ದು ಎರಡು ಗಂಟೆಗೆ. ಬಲಗೈಯ ಹೆಬ್ಬೆರಳು, ತೋರುಬೆರಳು ಮಡಚಿದಂತೆಯೇ ಇದ್ದವು, ಬಿಡಿಸಲು ಬರುತ್ತಿರಲಿಲ್ಲ. ಎಡಗೈಯಿಂದ ಅವನ್ನು ತಿಕ್ಕಿಕೊಳ್ಳುತ್ತ, "ಅದಾಳ. ಗಡ್ಡಿ ಪೂರ್ತಿ ಬಂತು. ಇವತ್ತಿನ ದಿನ ದಾಟಿದ್ರ ಉಳೀತಾಳ" ಅಂದರು. ಅವ್ವ ಅವರ ಕಾಲು ಮುಟ್ಟಲು ಹೋದರೆ ತಡೆದರು. ಆಮೇಲೆ ಹೊರಗೆ ಮರದ ಕಡೆ ನೋಡಿ, "ಅವರು ಯಾರು?" ಎಂದು ಕೇಳಿದರು.

"ಗಂಡನ ಮನಿಯವರು" ಅಂದೆ.

ಅವರು ಬೆರಳು ತಿಕ್ಕಿಕೊಳ್ಳುತ್ತಲೇ ಒಳಗೆ ಹೋದರು.

ಅಕ್ಕ ಉಳಿದಳು. ಬಹಳ ದಿನ ಅರಿಶಿನದ ಬಣ್ಣ ಬಿದ್ದಿದ್ದ ಕಣ್ಣು ಮೆಲ್ಲಗೆ ಬೆಳ್ಳಗಾದವು. ಬೈಲಹೊಂಗಲಕ್ಕೆ ಕರೆತಂದು ಪಡಸಾಲೆಯಲ್ಲಿ ಹಾಸಿಗೆ ಹಾಕಿದೆವು. ಒಂದು ಸಂಜೆ ಗೆಳತಿ ನೋಡಲು ಬಂದಳು. ಅವ್ವ ಚಹಾ ಮಾಡಿದಳು. ಅಭ್ಯಾಸಬಲವೋ ಏನೋ, ಮಾಡದಲ್ಲಿದ್ದ ಕಪ್ಪನ್ನೇ ತೊಳೆದು ಅದರಲ್ಲಿ ಸುರಿದು ತಂದಳು. ಅಕ್ಕ ಮಲಗಿದ್ದಲ್ಲಿಂದಲೇ ನೋಡಿದಳು.

"ಅವ್ವಾ, ಮಾಡದಾಗ ಅಂಥಾದ ಇನ್ನೊಂದು ಕಪ್ಪು ಐತೇನು?"

"ಯಾಕ?"

"ನನಗೂ ಅದರಾಗ ಕೊಡು. ಇವರ ರಕ್ತ ನನ್ನ ಮೈಯಾಗ ಐತಿ. ನನಗ ಒಳಗಿನ ಕಪ್ಪು ನಡೆಯೂದಿಲ್ಲ."

ಅವ್ವ ನಿಂತಲ್ಲೇ ನಿಂತಳು. ಗೆಳತಿ ತಲೆ ತಗ್ಗಿಸಿ ಚಹಾ ಕುಡಿದಳು. ಅವಳು ಹೋದ ಮೇಲೆ ಅವ್ವ ಆ ಕಪ್ಪನ್ನು ಒಳಗೆ ಒಯ್ದು ಉಳಿದವುಗಳ ಜೊತೆ ಇಟ್ಟಳು. ಇಷ್ಟು ಸಣ್ಣ ಕೆಲಸಕ್ಕೆ ನನ್ನ ಅಕ್ಕ ಸಾವಿನ ಬಾಗಿಲಿಗೆ ಹೋಗಿ ಬರಬೇಕಾಯಿತು. ನಾನು ದಿನಾ ಆ ಮಾಡದ ಮುಂದೆಯೇ ಓಡಾಡಿ ಸಾಲೆಗೆ ಹೋಗಿ ಮಕ್ಕಳಿಗೆ ಎಲ್ಲರೂ ಒಂದೇ ಎಂಬ ಪಾಠ ಹೇಳುತ್ತಿದ್ದೆ.

ತಿಂಗಳಾದ ಮೇಲೆ ಅಕ್ಕನ ಅತ್ತೆ ಬಂದಳು, ಜೊತೆಗೆ ಮಾಮಾ. ಸೊಸೆಯ ತಲೆ ಸವರಿ, ನೆಟಿಕೆ ಮುರಿದು, ಮೊದಲು ಕೇಳಿದ ಮಾತು, "ಯಾರ್ಯಾರ ರಕ್ತ ಹಾಕ್ಯಾರ?"

ಅಕ್ಕ ಹೇಳಿದಳು. ಅತ್ತೆ ಕೈಯನ್ನು ತಲೆಯ ಮೇಲಿಂದ ತೆಗೆದಳು. "ಶಿವಶಿವಾ. ಮನಿಗೆ ಬಂದ ಮ್ಯಾಲ ಅಯ್ಯನವರನ್ನ ಕೇಳಿ ಏನರೆ ಶುದ್ಧಿ ಮಾಡಸೂಣು" ಅಂದಳು.

ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಗಂಡನ ಕಡೆ ನೋಡಿ ಅಂದಳು: "ಡಾಕ್ಟರ ಮೂರು ಕೇಳಿದ್ರು, ಎರಡ ಸಿಕ್ಕಾವು. ಮೂರನೇದ್ದು ನಿಮ್ಮದು. ಆಸ್ಪತ್ರಿಗೆ ಹೋಗಿ ಅದನ್ನ ಕೊಟ್ಟು ಬರ್ರಿ. ನನಗ ಬ್ಯಾಡ, ನನ್ನಂಥಾಕಿ ಇನ್ನೊಬ್ಬಾಕಿ ಬರತಾಳ, ಆಕಿಗೆ ಆಗತೈತಿ. ನಿಮ್ಮ ಕೈಯಿಂದ ನೀವ ಕೊಟ್ಟು ಬಂದ ದಿನ ನಾ ರಾಮದುರ್ಗಕ್ಕ ಬರತೇನಿ."

ಮಾಮಾ ನಕ್ಕ, ಹುಡುಗಾಟ ಎಂದುಕೊಂಡು. ಅಕ್ಕ ಗೋಡೆಯ ಕಡೆ ಹೊರಳಿ ಮಲಗಿದಳು. ಸಂಜೆಯ ಬಸ್ಸಿಗೆ ಅವರು ಹೋದರು.

ಆ ಚಳಿಗಾಲದಲ್ಲಿ ಕಿತ್ತೂರಿನ ಒಂದು ಸಾಲೆಯಲ್ಲಿ ಆರೋಗ್ಯದ ಬಗ್ಗೆ ಭಾಷಣ ಇಟ್ಟಿದ್ದರು. ಸುತ್ತಲಿನ ಮಾಸ್ತರರು, ಅಕ್ಕೋರುಗಳು ಬರಬೇಕೆಂದು ಅಪ್ಪಣೆ. ನಾನೂ ಗೆಳತಿಯೂ ಹೋದೆವು. ವೇದಿಕೆಯ ಮೇಲೆ ನಮ್ಮ ಸರ್ಜನ್ನರು, ಅವರ ಪಕ್ಕ ವಿಲಾಯತಿಯಿಂದ ಬಂದ ಅವರ ಹಳೆಯ ಸಂಗಡಿಗ, ಬಿಸಿಲಿಗೆ ಕೆಂಪಾದ ಮುಖದ ಡಾಕ್ಟರು. ನಮ್ಮ ಡಾಕ್ಟರು ರಾಮದುರ್ಗದ ಕಡೆಯ ಒಬ್ಬ ಹೆಣ್ಣುಮಗಳ ಲಿವರಿನ ಆಪರೇಷನ್ನನ್ನು ಎರಡೇ ಬಾಟಲಿಯಲ್ಲಿ ಮಾಡಿದ್ದನ್ನು ಹೇಳಿದರು. ಪರದೇಶದ ಡಾಕ್ಟರು ಎದ್ದು ಮಾತಾಡಿದರು, ನಮ್ಮವರು ಕನ್ನಡದಲ್ಲಿ ಹೇಳುತ್ತ ಹೋದರು.

"ನಮ್ಮ ದೇಶದಾಗ ಹತ್ತು ಬಾಟಲಿ ಪೆಟ್ಟಿಗ್ಯಾಗ ಇಲ್ಲದ ನಾವು ಇಂಥಾ ಕೆಲಸಕ್ಕ ಕೈ ಹಾಕೂದಿಲ್ಲಂತ. ಅಷ್ಟು ಸುರೀತೇವಿ, ಎಷ್ಟೋ ಸಲ ಬೇಕಿಲ್ಲದನ ಸುರೀತೇವಿ ಅಂತಾರ. ಮಿತವಾಗಿ ಬಳಸೋದನ್ನ ನಿಮ್ಮನ್ನ ನೋಡಿ ಕಲೀಬೇಕು ಅಂತಾರ."

ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಹೆಡ್ಮಾಸ್ತರರೊಬ್ಬರು, "ಭಲೇ, ನಮ್ಮ ದೇಶ" ಅಂದರು. ನನ್ನ ಮೈಯೆಲ್ಲ ಉರಿಯಿತು. ಯಾವಾಗ ಎದ್ದೆನೋ ತಿಳಿಯದು, ಎದ್ದು ನಿಂತಿದ್ದೆ.

"ಆ ಹೆಣ್ಣಮಗಳು ನನ್ನ ಅಕ್ಕರಿ. ಅದು ಮಿತ ಅಲ್ಲ. ಆಕಿ ಗಂಡ, ನಾಲ್ಕು ಮಂದಿ ಮೈದುನರು ಹೊರಗ ಮರದ ಕೆಳಗ ಚುರುಮುರಿ ತಿನಕೋತ ಕುಂತಿದ್ರು. ನಾ ಕಾಲಿಗೆ ಬಿದ್ದರೂ ಒಬ್ಬಾಂವ ಎದ್ದು ಬರಲಿಲ್ಲ. ನೀವು ಉಳಿಸಿದ್ರಿ, ನಿಮ್ಮ ಕೈಗೆ ಶರಣು. ಆದ್ರ ಕೊಡದವರನ್ನ ಉಳಿತಾಯ ಮಾಡಿದವರು ಅನ್ನಬ್ಯಾಡ್ರಿ. ಚಪ್ಪಾಳಿ ಹೊಡದವರೊಳಗ ಎಷ್ಟು ಮಂದಿ ಕೊಟ್ಟೀರಿ, ಕೈ ಎತ್ತರಿ ನೋಡೂಣು."

ಸಭೆಯಲ್ಲಿ ಒಂದೇ ಒಂದು ಕೈ ಎದ್ದಿತು, ನನ್ನ ಪಕ್ಕದಲ್ಲಿ. ಪರದೇಶದ ಡಾಕ್ಟರು ನಮ್ಮವರ ಕಡೆ ಬಾಗಿ ಏನೋ ಕೇಳಿದರು. ನಮ್ಮವರು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಆತ ನನ್ನ ಕಡೆ ನೋಡಿ ನಕ್ಕು ಕೈ ಮುಗಿದ.

ಗೆಳತಿ ನನ್ನ ಕಿವಿಯಲ್ಲಿ, "ನೀವು ಧನ್ಯವಾದ ಹೇಳಾಕ ಹತ್ತೀರಿ ಅಂತ ಹೇಳ್ಯಾರ" ಅಂದಳು. ಆಮೇಲೆ ತಾನೇ ಎದ್ದು ನಿಂತು ನಾನು ಅಂದದ್ದನ್ನೆಲ್ಲ, ಒಂದೊಂದಾಗಿ, ಆತನ ಭಾಷೆಯಲ್ಲಿ ಹೇಳಿದಳು. ಅವಳ ದನಿ ಒಮ್ಮೆಯೂ ನಡುಗಲಿಲ್ಲ. ಆತನ ಮುಖದ ನಗೆ ಹೋಯಿತು. ಏನೋ ಹೇಳಿ ಕುಳಿತ. ಇಷ್ಟು ವರ್ಷದಲ್ಲಿ ತಾನು ಸುರಿದ ಒಂದು ಬಾಟಲಿಯೂ ಯಾರದೆಂದು ತನಗೆ ಗೊತ್ತಿಲ್ಲ, ಯಾರ ಕಾಲಿಗೂ ಯಾರೂ ಬೀಳಬೇಕಾಗಿರಲಿಲ್ಲ, ಅದನ್ನು ತಾನು ಎಂದೂ ಯೋಚಿಸಿಯೇ ಇರಲಿಲ್ಲ ಎಂದನೆಂದು ಗೆಳತಿ ನನಗೆ ಹೇಳಿದಳು.

ಸಭೆ ಮುಗಿದ ಮೇಲೆ ನಮ್ಮ ಡಾಕ್ಟರು ಹೊರಗೆ ನನ್ನನ್ನು ಹುಡುಕಿಕೊಂಡು ಬಂದರು. "ತರ್ಜುಮಿ ಮಾಡಾಕ ನನಗ ನಾಚಿಕಿ ಆತು. ತಪ್ಪಾತು" ಅಂದರು. ದೊಡ್ಡ ಮನುಷ್ಯರು. ಆ ಒಂದು ಮಾತನ್ನು ಬೇರೆ ಯಾರ ಬಾಯಿಂದಲೂ ನಾನು ಕೇಳಲಿಲ್ಲ.

ಮರುವರ್ಷ ಮುಂಗಾರು ಬಿತ್ತನೆ ಮುಗಿದ ಮೇಲೆ ಮಾಮಾ ಒಬ್ಬನೇ ಬಂದ. ಹಣೆಗೆ ವಿಭೂತಿ, ಮುಖದಲ್ಲಿ ಗೆದ್ದವನ ಕಳೆ. ಕಿಸೆಯಿಂದ ಆಸ್ಪತ್ರೆಯ ಚೀಟಿ ತೆಗೆದು ಅಕ್ಕನ ಮುಂದೆ ಇಟ್ಟ.

"ತಗೋ. ಬಾಟಲಿ ಮುಟ್ಟೇತಿ. ಬುತ್ತಿ ಕಟ್ಟು, ಹೋಗೂಣು."

ನನ್ನ ಸಿಟ್ಟು ಅರ್ಧ ಕರಗಿತೆಂದು ಒಪ್ಪಿಕೊಳ್ಳಬೇಕು. ಅವ್ವ ಸಕ್ಕರೆ ಡಬ್ಬಿಗೆ ಕೈ ಹಾಕಿದಳು. ಅಕ್ಕ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಮತ್ತೊಮ್ಮೆ ಓದಿದಳು.

"ಇದು ಯಾರ ಹೆಸರು?"

ಮಾಮಾ ಮೀಸೆ ಸವರಿಕೊಂಡ. ಹೂಲಿಯಲ್ಲಿ ಅವರ ಹೊಲ ನೋಡಿಕೊಳ್ಳುತ್ತಿದ್ದ ಆಳಿನ ಹೆಸರು ಅದು.

"ಯಾರದಾದ್ರೇನು? ರಕ್ತ ರಕ್ತಾನ. ಅಂದು ನೀನ ಹೇಳಿದ್ಯಲ್ಲ, ಯಾರದಾದ್ರೂ ನಡೀತೈತಂತ."

"ನಾ ಹೇಳಿದ್ದು ನಿಮ್ಮ ಕೈಯಿಂದ ಅಂತ. ನಾಳಿ ಅಂವನ ಹೇಂತಿ ಜಡ್ಡ ಬಿದ್ರ ನೀವು ಹೋಗಿ ಕೊಡತೀರೇನು?"

ಮಾಮಾ ಕೆಂಪಾದ. ಆತ ಎದ್ದು ನಿಂತಾಗ ನಮ್ಮ ಪಡಸಾಲೆ ಸಣ್ಣದಾಯಿತು. ಅಪ್ಪ ಏದುತ್ತ ಎದ್ದು ಮಗಳ ಮುಂದೆ ಬಂದು ನಿಂತ. ಹುಲಿಯಂಥ ಮಂದಿ ಎಂದು ಹೇಳಿದ್ದ ಅಪ್ಪ, "ನಡೀರಿ ಹೊರಗ" ಅಂದ. ಆತ ಚಪ್ಪಲಿ ಮೆಟ್ಟಿ ಹೋದ. ಮುಂದೆ ಇನ್ನೊಂದು ಮದುವೆ ಮಾಡಿಕೊಂಡನೆಂದು ಕೇಳಿದೆವು.

ಅಕ್ಕ ಆ ಚೀಟಿಯನ್ನು ಬಿಸಾಡಲಿಲ್ಲ. ಮುಂದಿನ ರವಿವಾರ, "ಹೂಲಿಗೆ ಹೋಗೂಣು ನಡಿ" ಅಂದಳು. ಆ ಮನುಷ್ಯ ಗುಡಿಸಲ ಮುಂದೆ ಕುಡಗೋಲು ಮಸೆಯುತ್ತಿದ್ದ. ನಮ್ಮನ್ನು ನೋಡಿ ಗಾಬರಿಯಿಂದ ಎದ್ದ. ಎದೆಯ ಎಲುಬು ಎಣಿಸಬಹುದಿತ್ತು. ಹೆಂಡತಿ ಒಳಗಿನಿಂದ ಚಾಪೆ ತಂದು ಹಾಸಿದಳು.

"ಗೌಡ್ರು ಕೆಲಸ ಐತಿ ಬಾ ಅಂದ್ರು, ಹ್ವಾದ್ನಿರಿ. ಸೂಜಿ ಚುಚ್ಚಿದ ಮ್ಯಾಲ ಗೊತ್ತಾತು. ಎಂಟು ದಿನ ತಲಿ ತಿರಗತಿತ್ತು, ಈಗ ಆರಾಮ ಅದೇನ್ರಿ." ಆಮೇಲೆ ಅಕ್ಕನ ಮುಖವನ್ನು ಆಸೆಯಿಂದ ನೋಡಿ ಕೇಳಿದ: "ಸಣ್ಣವ್ವಾರ, ನಿಮಗ ಬೇಕಾಗಿತ್ತಂತ ಹೇಳಿದ್ರು. ಅದ್ರಿಂದ ನಿಮಗ ಗುಣಾತಿಲ್ರಿ?"

ಅವನ ರಕ್ತ ಅಕ್ಕನಿಗೆ ಮುಟ್ಟಿರಲಿಲ್ಲ. ಅದು ಗಂಡಸೊಬ್ಬನ ಹಟಕ್ಕೆ ಹೋದ ರಕ್ತ. ನಾನು ಅದನ್ನು ಹೇಳಿಯೇ ಬಿಡುವವಳಿದ್ದೆ. ಅಕ್ಕ ನನ್ನ ಕೈ ಒತ್ತಿದಳು.

"ಗುಣಾತಪ್ಪಾ. ಅದನ್ನ ಹೇಳಾಕ ಬಂದೇನಿ."

ಅವನ ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಅವನು ಸಂಕೋಚದಿಂದ ಮೊಣಕೈಯ ಒಳಭಾಗವನ್ನು ಸವರಿಕೊಂಡ.

ಊರ ದಾರಿಯಲ್ಲಿ ನಾನು ಅಕ್ಕನ ಜೊತೆ ಜಗಳ ತೆಗೆದೆ. ಯಾಕೆ ಸುಳ್ಳು ಹೇಳಿದೆ, ಅವನಿಗೂ ಸಿಟ್ಟು ಬರಬೇಕಿತ್ತು, ತನ್ನನ್ನು ದನದ ಹಾಗೆ ಗಾಡಿಯಲ್ಲಿ ಹೇರಿಕೊಂಡು ಹೋದದ್ದು ಅವನಿಗೆ ತಿಳಿಯಬೇಕಿತ್ತು ಎಂದು ಕೂಗಾಡಿದೆ. ಅಕ್ಕ ಹೊಟ್ಟೆಯ ಗಾಯದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ನಡೆಯುತ್ತಿದ್ದಳು.

"ಸಿಟ್ಟು ಬಂದ್ರ ಅಂವ ಏನ ಮಾಡತಿದ್ದ? ನಾಳಿ ಮತ್ತ ಅವರ ಹೊಲಕ್ಕ ಹೋಗಬೇಕು. ಸಿಟ್ಟು ನಾವ ಇಟಕೊಳ್ಳೂಣು. ನಮಗ ಇಟಕೊಳ್ಳಾಕ ಜಾಗಾ ಐತಿ."

ಸವದತ್ತಿಯ ಬಸ್ಸು ಬರುವುದು ಕಾಣಿಸಿತು. ಅವಳಿಗೆ ಓಡಲು ಆಗುತ್ತಿರಲಿಲ್ಲ. ನಾನು ಓಡಿಹೋಗಿ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿ ಬಸ್ಸು ನಿಲ್ಲಿಸಿದೆ.